ಹದಿಮೂರನೇ ತಿಂಗಳು ಮತ್ತು ಸಾಸಿವೆ ಖಾತೆ

ಏಕಭಂಡಾರ, ಹಳೆಯ ಕಡತಗಳ ಕೋಣೆ
ಲೆಕ್ಕವರ್ಷ ೨೧೮೯–೯೦, ಹದಿಮೂರನೇ ತಿಂಗಳು, ನಾಲ್ಕನೇ ದಿನ

ಶ್ರೀಮತಿ ಕುಸುಮಾ ಹರಪನಹಳ್ಳಿ, ಶಾಖಾಧಿಕಾರಿಗಳು, ಇವರಿಗೆ

ಮಾನ್ಯರೆ,

ಮೇಲಿನ ತಾರೀಖು ನೋಡಿ ಯಾರೋ ಹುಡುಗಾಟ ಮಾಡಿದ್ದಾರೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಮಾರ್ಚ್ ಮೂವತ್ತೊಂದಕ್ಕೂ ಏಪ್ರಿಲ್ ಒಂದಕ್ಕೂ ನಡುವೆ ಹತ್ತು ದಿನದ ಒಂದು ತಿಂಗಳಿದೆ. ಅದು ಯಾಕೆ ಬಂತು ಅನ್ನುವುದನ್ನು ಮುಂದೆ ಹೇಳುತ್ತೇನೆ. ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸೀತು, ಕ್ಷಮಿಸಿ. ನಿಮ್ಮ ಕಾಲದ ಕಡತಗಳನ್ನು ಆರು ವರ್ಷದಿಂದ ಓದುತ್ತಿದ್ದೇನೆ, ಆದಷ್ಟು ನಿಮ್ಮ ಮಾತಿನಲ್ಲೇ ಬರೆಯಲು ಪ್ರಯತ್ನಿಸುತ್ತೇನೆ.

ನಾನು ಹಂಪಮ್ಮ ಗೌಡೂರು. ಏಕಭಂಡಾರದಲ್ಲಿ ಮೂವತ್ತೇಳು ವರ್ಷ ನೌಕರಿ ಮಾಡಿದ್ದೇನೆ. ಈ ಹತ್ತು ದಿನ ಕಳೆದರೆ ನಿವೃತ್ತಿ. ಇಷ್ಟು ವರ್ಷದಲ್ಲಿ ಒಂದೇ ಒಂದು ಕಾಗದಕ್ಕೂ ಹಿಂದಿನ ತಾರೀಖು ಹಾಕಿದವಳಲ್ಲ. ಹಾಕಿಸಲು ಬಂದವರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದೇನೆ. ಇವತ್ತು ಆ ತಪ್ಪನ್ನು ಮಾಡುತ್ತಿದ್ದೇನೆ: ಮೇಲೆ ಬರೆದದ್ದು ಇವತ್ತಿನ ತಾರೀಖೇ, ಆದರೆ ಕಡತದ ಪಟ್ಟಿಯಲ್ಲಿ ಇದಕ್ಕೆ ನೂರಾ ಅರವತ್ತು ವರ್ಷ ಹಿಂದಿನ ತಾರೀಖು ಹಾಕುತ್ತೇನೆ. ಈ ಪತ್ರವನ್ನು ನಿಮ್ಮ ಕಡತದ ನಲವತ್ತೊಂದನೇ ಪುಟದ ಮುಂದೆ ಸೇರಿಸಿ ದಾರ ಕಟ್ಟುತ್ತೇನೆ. ನಿಮಗೆ ಮುಟ್ಟುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಕಾಗದವನ್ನು ಕಡತಕ್ಕೆ ಸೇರಿಸುವುದು ನನ್ನ ಕೆಲಸ, ಮುಂದಿನದು ದೇವರ ಚಿತ್ತ.

ಮೊದಲು ನಿಮ್ಮ ಕೆಲಸವನ್ನು ಹೊಗಳಬೇಕು. ನಿಮ್ಮ ಕಾಲದಲ್ಲಿ ಒಂದೊಂದು ಸರ್ಕಾರಿ ಕಚೇರಿಗೂ ಒಂದೊಂದು ಬ್ಯಾಂಕಿನಲ್ಲಿ ನಾಲ್ಕಾರು ಖಾತೆ ಇದ್ದವಂತೆ. ಒಂದು ಕಡೆ ಕೋಟಿಗಟ್ಟಲೆ ಸುಮ್ಮನೆ ಬಿದ್ದಿರುತ್ತಿತ್ತು, ಇನ್ನೊಂದು ಕಡೆ ಅದೇ ಸರ್ಕಾರ ಸಂಬಳ ಕೊಡಲು ಬಡ್ಡಿಗೆ ಸಾಲ ತರುತ್ತಿತ್ತು. ಯಾವ ಖಾತೆಯಲ್ಲಿ ಎಷ್ಟಿದೆ ಎಂದು ಕೇಳಿದರೆ ಮೂರು ತಿಂಗಳಾದರೂ ಉತ್ತರ ಬರುತ್ತಿರಲಿಲ್ಲ. ಎಲ್ಲವನ್ನೂ ಒಂದೇ ಖಾತೆಗೆ ತರಬೇಕು ಎಂಬ ಆದೇಶದ ಕರಡನ್ನು ಬರೆದವರು ನೀವು. ಅಕ್ಷರ ಮುತ್ತಿನ ಹಾಗಿದೆ. ಆ ಆದೇಶದಿಂದ ನಿಜವಾಗಿಯೂ ಒಳ್ಳೆಯದಾಯಿತು. ಕಳ್ಳತನ ನಿಂತಿತು, ಸಾಲ ಇಳಿಯಿತು. ಅದರ ಮೊಮ್ಮಗಳ ಹಾಗೆ ನಮ್ಮ ಏಕಭಂಡಾರ ಬಂತು: ನಾಡಿನ ಶಾಲೆ, ಬಸ್ಸು, ಆಸ್ಪತ್ರೆ, ನೀರು, ಅಂಚೆ, ಎಲ್ಲದರ ದುಡ್ಡಿಗೂ ಒಂದೇ ಖಾತೆ, ಒಂದೇ ಬೀಗ. ನಾನು ಅದರ ಅನ್ನ ತಿಂದವಳು. ಅದನ್ನು ಜರೆಯಲು ಈ ಪತ್ರ ಬರೆಯುತ್ತಿಲ್ಲ.

ಒಂದೇ ಖಾತೆ ಆದಮೇಲೆ ವರ್ಷದ ಕೊನೆಗೆ ಅದನ್ನು ತಾಳೆ ನೋಡಬೇಕಲ್ಲ. ದುಡ್ಡು ಹರಿಯುತ್ತಿರುವಾಗ ತಾಳೆ ಆಗುವುದಿಲ್ಲ, ಹರಿಯುವ ನೀರನ್ನು ಅಳೆಯಲು ಬರುವುದಿಲ್ಲ ಎಂದು ನಮ್ಮ ಹಿಂದಿನವರು ಹತ್ತು ದಿನ ಎಲ್ಲವನ್ನೂ ನಿಲ್ಲಿಸಿದರು. ಅದೇ ಹದಿಮೂರನೇ ತಿಂಗಳು. ಕಡತದಲ್ಲಿ ಅದಕ್ಕೆ ತಾಳೆ ತಿಂಗಳು ಎಂದು ಹೆಸರು, ಜನ ಕರೆಯುವುದು ಬಾಯಿಕಟ್ಟು ತಿಂಗಳು ಎಂದು. ಆ ಹತ್ತು ದಿನ ಸರ್ಕಾರದ ಯಾವ ಕಚೇರಿಯೂ ಒಂದು ಪೈಸೆ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ, ಸಾಲ ಉದ್ರಿ ಹೇಳುವುದೂ ಅಪರಾಧ. ಹೆಂಗಸರು ಮಾರ್ಚಿನಲ್ಲೇ ಡಬ್ಬಿಗಳನ್ನು ತುಂಬಿಸಿಕೊಳ್ಳುತ್ತಾರೆ. ಮದುವೆ ಇಡುವುದಿಲ್ಲ. ಬಸ್ಸುಗಳು ಬ್ಯಾಟರಿಯಲ್ಲಿದ್ದ ಚಾರ್ಜು ಮುಗಿಯುವ ತನಕ ಓಡಿ ಆಮೇಲೆ ನಿಲ್ಲುತ್ತವೆ. ಆ ದಿನಗಳಲ್ಲಿ ಹುಟ್ಟಿದ ಮಕ್ಕಳಿಗೆ ಏಪ್ರಿಲ್ ಒಂದೇ ಹುಟ್ಟಿದ ದಿನ, ಆದ್ದರಿಂದ ನಮ್ಮ ಶಾಲೆಗಳಲ್ಲಿ ಆವತ್ತು ಚಾಕಲೇಟು ಹಂಚುವವರ ಸಾಲೇ ಸಾಲು. ಇದು ನಮಗೆ ಕಷ್ಟ ಅನ್ನಿಸುವುದಿಲ್ಲ. ಹಬ್ಬ ಬಂದ ಹಾಗೆ ಬರುತ್ತದೆ, ಹೋಗುತ್ತದೆ. ಹತ್ತನೇ ದಿನ ಸಂಜೆ ತಪ್ಪದೆ ಮುಗಿಯುತ್ತದೆ ಎಂಬ ನಂಬಿಕೆ ಎಲ್ಲರಿಗೂ ಇತ್ತು. ಎಂಬತ್ತು ವರ್ಷ ಅದು ಒಂದು ಸಲವೂ ತಪ್ಪಿರಲಿಲ್ಲ.

ಇನ್ನು ನಮ್ಮ ಬಿಸಿಲಿನ ಮಾತು ಹೇಳಬೇಕು, ಇಲ್ಲದಿದ್ದರೆ ನಿಮಗೆ ಮುಂದಿನದು ಅರ್ಥವಾಗುವುದಿಲ್ಲ. ನಿಮ್ಮ ಕಾಲದಲ್ಲಿ ರಾಯಚೂರು ಸೀಮೆಯ ಬಿಸಿಲನ್ನು ತಮಾಷೆ ಮಾಡುತ್ತಿದ್ದರಂತೆ. ಈಗ ಯಾರೂ ತಮಾಷೆ ಮಾಡುವುದಿಲ್ಲ. ಮಾರ್ಚಿನಿಂದ ಜೂನಿನವರೆಗೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ಹೊರಗೆ ಇರುವ ಹಾಗಿಲ್ಲ, ಮನೆಯಲ್ಲಿದ್ದರೂ ಸಾಲುವುದಿಲ್ಲ. ಕಚೇರಿ, ಶಾಲೆ, ಹೊಲದ ಕೆಲಸ ಎಲ್ಲ ಬೆಳಗಿನ ನಾಲ್ಕರಿಂದ ಒಂಬತ್ತರೊಳಗೆ. ಆಮೇಲೆ ಊರಿಗೆ ಊರೇ ತಂಪುಮನೆಗೆ ಹೋಗುತ್ತದೆ. ತಂಪುಮನೆ ಅಂದರೆ ಸರ್ಕಾರ ಕಟ್ಟಿಸಿದ ದಪ್ಪ ಗೋಡೆಯ ದೊಡ್ಡ ಪಡಸಾಲೆ, ನೆಲದಡಿ ತಣ್ಣೀರು ಓಡಿಸುವ ಒಂದು ಯಂತ್ರ. ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಮಕ್ಕಳ ಮಗ್ಗಿ, ಅಲ್ಲೇ ಜಗಳ, ಅಲ್ಲೇ ಹೆಣ್ಣು ನೋಡುವುದು. ಸಜ್ಜೆ ರೊಟ್ಟಿಯ ಗಂಟು ಬಿಚ್ಚಿ ಒಬ್ಬರ ಪಲ್ಯ ಇನ್ನೊಬ್ಬರಿಗೆ ಹಾಕುತ್ತ ಕೂತರೆ ಸಂಜೆಯಾಗಿದ್ದೇ ತಿಳಿಯುವುದಿಲ್ಲ. ನಾನು ಬೆಳೆದಿದ್ದು ಗುಂಡಲಹಾಳ ಎಂಬ ಊರಿನ ತಂಪುಮನೆಯಲ್ಲಿ. ಅವ್ವ ಬೇಗ ಹೋದಳು, ನನ್ನನ್ನು ಸಾಕಿದವಳು ಹದಿನಾಲ್ಕು ವರ್ಷ ದೊಡ್ಡವಳಾದ ಅಕ್ಕ ಈರಮ್ಮ. ಕೌದಿ ಹೊಲಿಯುವುದು ಅವಳ ಕಸುಬು, ಬೈಯುವುದು ಹವ್ಯಾಸ. ಹಳೆ ಸೀರೆಗಳನ್ನು ಪದರ ಪದರ ಹಾಕಿ ಹೊಲಿಯುತ್ತ ಇಡೀ ತಂಪುಮನೆಯನ್ನು ಬೈಯುತ್ತ ಕೂತಿರುತ್ತಿದ್ದಳು. ಅವಳು ಬೈಯದ ದಿನ ಜನ ಹತ್ತಿರ ಬಂದು, ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳುತ್ತಿದ್ದರು.

ಏಕಭಂಡಾರದಲ್ಲಿ ನನ್ನ ಹುದ್ದೆಯ ಹೆಸರು ಖಾತೆ ಮುಚ್ಚುವ ಅಧಿಕಾರಿ. ಒಂದೇ ಖಾತೆ ಎಂದು ಆದೇಶವಾಗಿ ತಲೆಮಾರುಗಳು ಕಳೆದಿದ್ದರೂ ಅಲ್ಲೊಂದು ಇಲ್ಲೊಂದು ಸಣ್ಣ ಖಾತೆ ಗೋಡೆ ಬಿರುಕಿನ ಗಿಡದ ಹಾಗೆ ಉಳಿದುಕೊಂಡಿರುತ್ತಿತ್ತು. ಅವನ್ನು ಹುಡುಕಿ ಮುಚ್ಚಿ, ಅದರಲ್ಲಿದ್ದ ದುಡ್ಡನ್ನು ಭಂಡಾರಕ್ಕೆ ಸೇರಿಸಬೇಕು. ನಾನು ಆರುನೂರಕ್ಕೂ ಹೆಚ್ಚು ಮುಚ್ಚಿದ್ದೇನೆ. ಅದರಲ್ಲಿ ಕಳ್ಳರ ಖಾತೆಗಳೂ ಇದ್ದವು, ಅವನ್ನು ಮುಚ್ಚಿದ್ದಕ್ಕೆ ಇವತ್ತಿಗೂ ನನಗೆ ಹೆಮ್ಮೆಯಿದೆ. ನನ್ನ ಸೇವಾ ಪುಸ್ತಕದಲ್ಲಿ ಒಂದೂ ಕೆಂಪು ಷರಾ ಇರಲಿಲ್ಲ.

ಆರು ವರ್ಷದ ಹಿಂದೆ ಫೆಬ್ರವರಿಯಲ್ಲಿ ನಮ್ಮ ಊರಿನ ತಂಪುಮನೆಯದೇ ಒಂದು ಖಾತೆ ಪಟ್ಟಿಯಲ್ಲಿ ಬಂತು. ನಾನೇ ಹೋದೆ. ತಂಪುಮನೆ ನೋಡಿಕೊಳ್ಳುತ್ತಿದ್ದವಳು ಖಾಸಿಂಬಿ. ಅವಳ ತಾಯಿಯೂ ಅದೇ ಕೆಲಸ ಮಾಡಿದವಳು, ನಾವಿಬ್ಬರೂ ಅದೇ ನೆಲದ ಮೇಲೆ ಕುಂಟಾಬಿಲ್ಲೆ ಆಡಿದವರು. ಖಾತೆಯಲ್ಲಿ ಇದ್ದದ್ದು ಮೂರು ಸಾವಿರದ ನಾನೂರ ಹನ್ನೆರಡು ರೂಪಾಯಿ. ಹನ್ನೆರಡು ವರ್ಷದಲ್ಲಿ ಎರಡೇ ಸಲ ಮುಟ್ಟಿದ್ದರು. ಇದೇನು ಎಂದು ಕೇಳಿದರೆ ಅವಳು ನಕ್ಕಳು. ಅದು ಸಾಸಿವಿ ಡಬ್ಬಿ ರೀ ಅಕ್ಕಾರ, ನಿಮ್ಮ ಮನ್ಯಾಗ ಇಲ್ಲೇನು, ಅಂದಳು. ನಮ್ಮ ಸೀಮೆಯ ಹೆಂಗಸರೆಲ್ಲ ಸಾಸಿವೆ ಡಬ್ಬಿಯಲ್ಲಿ ನಾಲ್ಕು ಕಾಸು ಮುಚ್ಚಿಟ್ಟಿರುತ್ತಾರೆ, ಗಂಡನಿಗೂ ಗೊತ್ತಿರುವುದಿಲ್ಲ, ಮನೆಗೆ ಆಪತ್ತು ಬಂದಾಗ ಮಾತ್ರ ತೆಗೆಯುವುದು. ನಿಮ್ಮ ಕಾಲದಲ್ಲೂ ಇದ್ದಿರಬೇಕು. ಯಂತ್ರದ ಬೆಲ್ಟು ಬಾಯಿಕಟ್ಟು ತಿಂಗಳಲ್ಲೇ ಕಿತ್ತುಹೋದರೆ ಏನು ಗತಿ ಎಂದು ಅವಳ ತಾಯಿ ಆ ಖಾತೆಯನ್ನು ಉಳಿಸಿಕೊಂಡಿದ್ದಳು. ಒಂದು ಬೆಲ್ಟಿನ ಬೆಲೆ, ಅದನ್ನು ತರಲು ಹೋಗಿಬರುವ ಬಾಡಿಗೆ, ಲೆಕ್ಕ ಅಷ್ಟೇ. ಸ್ವಂತ ದುಡ್ಡು ಕೊಟ್ಟು ತರಲು ಬರುವುದಿಲ್ಲ, ಸರ್ಕಾರಿ ಯಂತ್ರದ ಬಿಡಿಭಾಗವನ್ನು ಖಾಸಗಿಯವರಿಗೆ ಮಾರಿದರೆ ಅಂಗಡಿಯವನ ಪರವಾನಗಿ ಹೋಗುತ್ತದೆ. ತಂಪುಮನೆಯ ಹೆಸರಿನ ಖಾತೆಯಿಂದಲೇ ಹೋಗಬೇಕು, ಅದು ಭಂಡಾರದ ಹೊರಗಿದ್ದುದರಿಂದ ಬಾಯಿಕಟ್ಟು ಅದಕ್ಕೆ ತಗಲುತ್ತಿರಲಿಲ್ಲ.

ಅಕ್ಕ ಅಲ್ಲೇ ಕೌದಿ ಹೊಲಿಯುತ್ತ ಕೂತಿದ್ದಳು. ಹಂಪಿ, ಊರ ಮಂದಿ ಡಬ್ಬಿಗೆ ಕೈ ಹಾಕೋ ನೌಕರಿ ಮಾಡ್ತೀಯೇನ, ಎಂದು ಎಲ್ಲರೆದುರು ಬೈದಳು. ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ನಿಯಮ ನಿಯಮವೇ ಎಂದು ಖಾತೆ ಮುಚ್ಚಿದೆ. ಆದರೆ ಆ ದಿನ ನನ್ನ ನೌಕರಿಯಲ್ಲೇ ಮೊದಲ ಬಾರಿಗೆ ಒಂದು ಕಕ್ಕುಲಾತಿ ತೋರಿಸಿದೆ. ಮುಚ್ಚಿದ ದುಡ್ಡನ್ನು ಭಂಡಾರದಲ್ಲಿ ಯಾವುದಾದರೂ ಲೆಕ್ಕ ಶೀರ್ಷಿಕೆಯ ಕೆಳಗೆ ಹಾಕಬೇಕು. ಹಾಕಿದರೆ ಅದು ಸಮುದ್ರಕ್ಕೆ ಬಿದ್ದ ಹಾಗೆ, ತಿರುಗಿ ಬರುವುದಿಲ್ಲ. ಏಪ್ರಿಲಿನಲ್ಲಿ ಹೇಗಾದರೂ ಮಾಡಿ ಖಾಸಿಂಬಿಗೆ ವಾಪಸು ಕೊಡಿಸೋಣ ಎಂದು ಶೀರ್ಷಿಕೆ ಬರೆಯದೆ ಬಿಟ್ಟೆ, ಅದರ ಚೀಟಿಯನ್ನು ನನ್ನ ಮೇಜಿನ ಡ್ರಾದಲ್ಲಿ ಇಟ್ಟೆ. ಒಳ್ಳೆಯದೇ ಮಾಡಿದೆ ಅಂದುಕೊಂಡಿದ್ದೆ. ಮಾರ್ಚಿನ ಗಡಿಬಿಡಿಯಲ್ಲಿ ಅದು ಮರೆತೇ ಹೋಯಿತು.

ತಾಳೆ ಮಾಡುವವರನ್ನು ಹತ್ತು ದಿನ ಒಂದು ದೊಡ್ಡ ಕೋಣೆಯಲ್ಲಿ ಇಡುತ್ತಾರೆ. ಹೊರಗಿನವರ ಜೊತೆ ಮಾತಿಲ್ಲ, ಮನೆಯ ಸುದ್ದಿಯಿಲ್ಲ. ಯಾರಿಗೂ ದಯೆ ದಾಕ್ಷಿಣ್ಯ ಬರಬಾರದೆಂದು ಹಾಗೆ. ಹೊರಗಿನಿಂದ ಬರುವ ಬೇಡಿಕೆಗಳೆಲ್ಲ ಸಾಲಿನಲ್ಲಿ ನಿಂತಿರುತ್ತವೆ, ತಾಳೆ ಮುಗಿಯುವ ತನಕ ಅವನ್ನು ಯಾರೂ ತೆರೆಯುವ ಹಾಗಿಲ್ಲ. ಹತ್ತನೇ ದಿನ ಸಂಜೆ ಲೆಕ್ಕ ಮುಗಿಯಬೇಕಿತ್ತು, ಮುಗಿಯಲಿಲ್ಲ. ಇಡೀ ನಾಡಿನ ಲೆಕ್ಕದಲ್ಲಿ ಒಂದು ಮೊತ್ತಕ್ಕೆ ಹಿಂದೆ ಹೆಸರಿಲ್ಲ, ಮುಂದೆ ಶೀರ್ಷಿಕೆಯಿಲ್ಲ ಎಂದು ತಾಳೆ ನೋಡುವ ಯಂತ್ರ ನಿಂತುಬಿಟ್ಟಿತು. ನಮ್ಮ ಮೇಲಿನವರು ಮೊತ್ತವನ್ನು ಗಟ್ಟಿಯಾಗಿ ಓದಿದರು. ಮೂರು ಸಾವಿರದ ನಾನೂರ ಹನ್ನೆರಡು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಅಷ್ಟನ್ನೂ ಮಾಡಲಿಲ್ಲ, ತಲೆ ತಗ್ಗಿಸಿ ಕೂತೆ. ಎದ್ದು ನಿಂತು, ಅದು ನನ್ನದು, ಚೀಟಿ ನನ್ನ ಡ್ರಾದಲ್ಲಿದೆ ಎಂದು ಹೇಳಿದ್ದರೆ ಕಾಲು ಗಂಟೆಯಲ್ಲಿ ಮುಗಿಯುತ್ತಿತ್ತು. ಆದರೆ ನನ್ನ ಪುಸ್ತಕಕ್ಕೆ ಕೆಂಪು ಷರಾ ಬೀಳುತ್ತಿತ್ತು. ಮೂವತ್ತೊಂದು ವರ್ಷದ ಚೊಕ್ಕ ಸೇವೆ. ಸಣ್ಣ ಮೊತ್ತ, ನಾಳೆ ಹೊತ್ತಿಗೆ ಅವರೇ ಬೇಸತ್ತು ವಜಾ ಮಾಡುತ್ತಾರೆ ಎಂದು ಲೆಕ್ಕ ಹಾಕಿದೆ. ಅವರು ಬೇಸರಪಡಲಿಲ್ಲ. ಒಳ್ಳೆಯ ತಾಳೆಗಾರರು, ಲಕ್ಷಾಂತರ ಚೀಟಿಗಳನ್ನು ಮೊದಲಿನಿಂದ ನೋಡುತ್ತ ಹೋದರು. ನಾನೂ ಅವರ ಜೊತೆ ಹುಡುಕಿದೆ. ಹುಡುಕುವ ಹಾಗೆ ನಟಿಸಿದೆ ಎಂದು ಬರೆಯಬೇಕು. ಹನ್ನೊಂದನೇ ದಿನ ಹೀಗೆ ಹೋಯಿತು, ಹನ್ನೆರಡನೆಯದೂ ಹೋಯಿತು. ಹನ್ನೆರಡನೇ ದಿನ ಸಂಜೆ ಒಬ್ಬಾಕೆ ತಲೆ ಸುತ್ತಿ ಬಿದ್ದಳು. ಅವಳ ಮುಖಕ್ಕೆ ನೀರು ಹಾಕುವಾಗ ನನ್ನಿಂದ ತಡೆಯಲಾಗಲಿಲ್ಲ. ಚೀಟಿ ತಂದುಕೊಟ್ಟೆ, ಮಾರ್ಚಿನಲ್ಲಿ ಎಲ್ಲೋ ಸೇರಿಹೋಗಿತ್ತು, ಈಗ ಸಿಕ್ಕಿತು ಎಂದೆ. ಎಲ್ಲರೂ ನನ್ನ ಬೆನ್ನು ತಟ್ಟಿದರು. ಆ ದುಡ್ಡನ್ನು ಇತರೆ ಎಂಬ ಶೀರ್ಷಿಕೆಯ ಕೆಳಗೆ ಹಾಕಿ ತಾಳೆ ಮುಗಿಸಿದರು. ಷರಾ ಬೀಳಲಿಲ್ಲ.

ಆಮೇಲೆ ಸಾಲಿನಲ್ಲಿದ್ದ ಬೇಡಿಕೆಗಳನ್ನು ತೆರೆದೆವು. ಗುಂಡಲಹಾಳದ್ದು ಒಂಬತ್ತನೇ ದಿನದ್ದು. ಬೆಲ್ಟು ಒಂದು, ತುರ್ತು, ಎಂದು ಬರೆದಿತ್ತು. ಹತ್ತನೇ ದಿನದ್ದು ಇನ್ನೊಂದು, ಹನ್ನೊಂದರದು ಎರಡು. ಹನ್ನೆರಡನೇ ದಿನದ್ದು ಒಂದೂ ಇರಲಿಲ್ಲ.

ನಡೆದದ್ದನ್ನು ಖಾಸಿಂಬಿ ಆಮೇಲೆ ಹೇಳಿದಳು. ಒಂಬತ್ತನೇ ದಿನ ಬೆಲ್ಟು ಹೋಯಿತು. ಪಕ್ಕದ ತಂಪುಮನೆ ಹನ್ನೆರಡು ಮೈಲಿ, ಬಸ್ಸು ನಿಂತಿದ್ದವು. ನಸುಕಿನಲ್ಲೇ ಹೊರಟು ನಡೆದು ಹೋಗೋಣ ಎಂದು ಕೆಲವರು ಅಂದರು. ಯಾಕ ಹೋಗೂದು, ನಾಳೆ ಸಂಜೀಗಿ ತಾಳೆ ಮುಗೀತದ, ನಮ್ಮ ಹಂಪಿ ಅದಾಳ ಅಲ್ಲಿ, ಎಂದವಳು ನಮ್ಮಕ್ಕ. ಅವಳ ಮಾತಿಗೆ ಎಲ್ಲರೂ ನಿಂತರು. ಹಸಿ ಗೋಣಿಚೀಲ ಕಟ್ಟಿ, ನೆಲಕ್ಕೆ ನೀರು ಚೆಲ್ಲಿ ಎರಡು ದಿನ ತಡೆದರು. ಹತ್ತನೇ ದಿನ ಸಂಜೆ ಮುಗಿಯಲಿಲ್ಲ. ಎಂಬತ್ತು ವರ್ಷದಲ್ಲಿ ತಪ್ಪದ್ದು ಇಂದು ತಪ್ಪೀತೇ, ನಾಳೆ ಬೆಳಿಗ್ಗೆ ಖಂಡಿತ ಎಂದು ಮತ್ತೆ ಕಾದರು. ಹನ್ನೊಂದರಂದು ನೀರು ಕಡಿಮೆಯಾಯಿತು. ಗಟ್ಟಿ ಕಾಲಿನವರು ಹನ್ನೆರಡರ ನಸುಕಿನಲ್ಲಿ ಮಕ್ಕಳನ್ನು ಹೊತ್ತು ಹೊರಟರು. ವಯಸ್ಸಾದವರು ಉಳಿದರು. ಆ ಮಧ್ಯಾಹ್ನ ಏಳು ಜನ ತೀರಿಹೋದರು. ಕೊನೆಯವಳು ಅಕ್ಕ. ಮೂರು ಗಂಟೆಗೆ ಅವಳು ಬೈಯುವುದನ್ನು ನಿಲ್ಲಿಸಿದಳಂತೆ. ಆಗಲೇ ಖಾಸಿಂಬಿಗೆ ಗೊತ್ತಾಯಿತಂತೆ.

ಮೂರು ಗಂಟೆಗೆ ನಾನು ಚೀಟಿ ಹುಡುಕುತ್ತಿದ್ದೆ.

ಬೆಲ್ಟು ಮರುದಿನ ಬೆಳಿಗ್ಗೆ ಏಳಕ್ಕೆ ಬಂತು. ವಿಚಾರಣೆ ನಡೆಯಿತು, ಯಾರ ತಪ್ಪೂ ಕಾಣಲಿಲ್ಲ. ಮಣ್ಣು ಮಾಡುವಾಗ ಖಾಸಿಂಬಿ ನನ್ನ ಕೈ ಹಿಡಿದು, ನೀವರೆ ಏನ್ ಮಾಡೀರಿ ಅಕ್ಕಾರ, ನಿಮ್ಮ ಕೈಯಾಗ ಏನಿತ್ತು, ಎಂದು ಅತ್ತಳು. ಅಕ್ಕನ ಅರ್ಧ ಹೊಲಿದ ಕೌದಿಯನ್ನು ಸೂಜಿ ಚುಚ್ಚಿದ್ದ ಹಾಗೆಯೇ ಮಡಿಸಿ ನನಗೆ ಕೊಟ್ಟಳು. ನಾನು ಅದನ್ನು ತೆಗೆದುಕೊಂಡೆ. ಡ್ರಾದಲ್ಲಿದ್ದ ಚೀಟಿಯ ಮಾತು ಎತ್ತಲಿಲ್ಲ. ಆರು ವರ್ಷವಾಯಿತು, ಖಾಸಿಂಬಿ ಪ್ರತಿ ದೀಪಾವಳಿಗೆ ನನಗೆ ಶೇಂಗಾ ಹೋಳಿಗೆ ಕಳಿಸುತ್ತಾಳೆ, ಅಕ್ಕ ಇಲ್ಲವಲ್ಲ ಮಾಡಿಕೊಡಲು ಎಂದು. ಒಂದು ತುಂಡೂ ತಿನ್ನದೆ ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟುಬಿಡುತ್ತೇನೆ.

ಖಾತೆ ಮುಚ್ಚುವ ಕೆಲಸ ಬೇಡ ಎಂದು ಈ ಕಡತಗಳ ಕೋಣೆಗೆ ವರ್ಗ ಕೇಳಿಕೊಂಡು ಬಂದೆ. ಇಲ್ಲೇ ನಿಮ್ಮ ಕಡತ ಸಿಕ್ಕಿತು. ನಲವತ್ತೊಂದನೇ ಪುಟದ ಅಂಚಿನಲ್ಲಿ ನಿಮ್ಮ ಅಕ್ಷರದಲ್ಲಿ ಒಂದು ಸಾಲು ಇದೆ: "ಸಣ್ಣ ಕಚೇರಿಗಳಿಗೆ ಆಪತ್ತಿನ ಖರ್ಚಿಗೆ ಒಂದು ಪುಟ್ಟ ಖಾತೆ ಉಳಿಸಬಹುದೇ?" ಅದರ ಮೇಲೆ ನೀವೇ ಗೆರೆ ಎಳೆದಿದ್ದೀರಿ. ಅದೇ ಶಾಯಿ, ಪಕ್ಕದಲ್ಲಿ ನಿಮ್ಮದೇ ಸಣ್ಣ ಸಹಿ. ಯಾರೂ ನಿಮಗೆ ಎಳೆಯಲು ಹೇಳಿದ ಹಾಗೆ ಕಾಣುವುದಿಲ್ಲ. ನನಗೆ ಅನ್ನಿಸುತ್ತದೆ, ಮೇಲಿನವರು ಇದೇನು ಅಂದಾರು, ಚೊಕ್ಕ ಕರಡಿಗೆ ಇದೊಂದು ಕಲೆ ಎಂದು ನೀವು ಹೆದರಿದಿರಿ. ತಪ್ಪು ತಿಳಿದಿದ್ದರೆ ಕ್ಷಮಿಸಿ. ಆ ಹೆದರಿಕೆ ನನಗೆ ಚೆನ್ನಾಗಿ ಗೊತ್ತು. ಅದು ದೊಡ್ಡ ಹೆದರಿಕೆಯಲ್ಲ ಅಕ್ಕಾರೆ, ಬಹಳ ಸಣ್ಣದು, ಆದ್ದರಿಂದಲೇ ಅದನ್ನು ಯಾರೂ ಹಿಡಿಯುವುದಿಲ್ಲ.

ನನ್ನ ಬಿನ್ನಹ ಒಂದೇ. ನಿಮ್ಮ ಆದೇಶ ಹಾಗೇ ಇರಲಿ, ಒಂದೇ ಖಾತೆ ಇರಲಿ, ಒಂದೇ ಬೀಗ ಇರಲಿ. ಆ ಒಂದು ಸಾಲಿನ ಮೇಲೆ ಮಾತ್ರ ಗೆರೆ ಎಳೆಯಬೇಡಿ. ಮೇಲಿನವರು ಬೈದರೆ ಬೈಸಿಕೊಳ್ಳಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಮ್ಮ ಗಾದೆ. ನನ್ನ ಒಲೆ ಈಗ ಉರಿಯುತ್ತಿದೆ. ನಿಮ್ಮ ಅಡಿಗೆ ಇನ್ನೂ ಆಗಬೇಕಿದೆ.

ನೀವು ಆ ಸಾಲನ್ನು ಉಳಿಸಿದರೆ ಈ ಪತ್ರ ಇರುವುದಿಲ್ಲ, ಬರೆಯುವ ಕಾರಣವೇ ಇರುವುದಿಲ್ಲ. ಗುಂಡಲಹಾಳದ ತಂಪುಮನೆಯಲ್ಲಿ ಒಬ್ಬ ಮುದುಕಿ ಕೌದಿ ಮುಗಿಸುತ್ತ ಯಾರನ್ನೋ ಬೈಯುತ್ತಿರುತ್ತಾಳೆ. ಬೈಸಿಕೊಳ್ಳುವವಳು ನಾನೇ ಆಗಿರುತ್ತೇನೆ, ಯಾಕೆಂದು ನನಗೆ ತಿಳಿಯುವುದಿಲ್ಲ. ಉಳಿಸದಿದ್ದರೆ ಈ ಕಾಗದ ನಿಮ್ಮ ಕಡತದಲ್ಲೇ ಹಳದಿಯಾಗುತ್ತದೆ.

ಇನ್ನೊಂದು ಮಾತು. ಬರೆಯುತ್ತ ಬರೆಯುತ್ತ ನನಗೆ ಒಂದು ತಿಳಿಯಿತು. ಹಿಂದಿನ ತಾರೀಖು ಹಾಕಿ ನಿಮಗೆ ತಪ್ಪೊಪ್ಪಿಕೊಳ್ಳುವುದು ಸುಲಭ, ನೀವು ನನ್ನನ್ನು ನೋಡಿಲ್ಲ. ಆದ್ದರಿಂದ ಇದರ ಇನ್ನೊಂದು ಪ್ರತಿ ಮಾಡಿದ್ದೇನೆ, ಅದಕ್ಕೆ ಇವತ್ತಿನ ತಾರೀಖೊಂದೇ. ಈ ತಿಂಗಳಲ್ಲಿ ಅಂಚೆ ಇಲ್ಲ, ಬಸ್ಸು ಎಷ್ಟು ದೂರ ಹೋಗುತ್ತದೋ ಗೊತ್ತಿಲ್ಲ. ನಾಳೆ ನಸುಕಿನಲ್ಲಿ ಹೊರಟು, ನಿಂತಲ್ಲಿಂದ ನಡೆಯುತ್ತೇನೆ. ಕೌದಿಯನ್ನೂ ತೆಗೆದುಕೊಂಡು ಹೋಗುತ್ತೇನೆ.

ತಮ್ಮ ವಿಧೇಯಳಾದ,
ಹಂಪಮ್ಮ ಗೌಡೂರು

ಪ್ರತಿ: ಖಾಸಿಂಬಿ, ತಂಪುಮನೆ, ಗುಂಡಲಹಾಳ. ಮುದ್ದಾಂ, ನನ್ನ ಕೈಯಿಂದಲೇ.